ಉತ್ತರವೇ ಬರದಿದ್ದರೆ? ಸರ್ವಿಸ್‌ಗಳಿಗೆ ನಿಯಮ ಬರೆಯುವುದು ಹೇಗೆ

ಬಸ್ ಟಿಕೆಟ್ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಸೀಟು ನೋಡಿಕೊಳ್ಳುವ ಸರ್ವಿಸ್ (ಒಂದು ಕೆಲಸಕ್ಕೆಂದೇ ಇರುವ ಪ್ರತ್ಯೇಕ ಪ್ರೋಗ್ರಾಂ) ಒಂದು, ಹಣ ಪಡೆಯುವುದು ಇನ್ನೊಂದು. ಯಾರು ಯಾವಾಗ ಏನು ಮಾಡಬೇಕು ಎಂಬುದನ್ನು ಕೋಡ್‌ನ ಸಂದುಗೊಂದಿಗಳಲ್ಲಿ ತುರುಕಬೇಡಿ. ‘ಹೀಗಾದರೆ ಹೀಗೆ ಮಾಡು’ ಎಂದು ಒಂದೇ ಕಡೆ ಬರೆಯಿರಿ.

ಹಂತ 1: ಏನೇನು ನಡೆಯಬಹುದು ಎಂದು ಪಟ್ಟಿ ಮಾಡಿ. ಹಾಳೆ, ಪೆನ್ಸಿಲ್ ಸಾಕು.

ಹಂತ 2: ಪ್ರತಿ ನಿಯಮಕ್ಕೂ ಮೂರು ಭಾಗ. ಏನಾಯಿತು: ಹಣ ಬಂತು. ಷರತ್ತು: ಸೀಟು ಇವರಿಗಾಗಿ ತಡೆದಿಟ್ಟಿದೆ. ಕೆಲಸ: ಟಿಕೆಟ್ ಕೊಡು.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಹಣ ಬಂತು, ಹಣ ಬರಲಿಲ್ಲ ಎಂದು ಎರಡೇ ನಿಯಮ ಬರೆದು ಎದ್ದುಬಿಡುತ್ತಾರೆ. ಉತ್ತರವೇ ಬರದಿದ್ದರೆ? ನಾನೂ ಹಿಂದೊಮ್ಮೆ 30 ಸೆಕೆಂಡ್ ಕಾದು ‘ಫೇಲ್’ ಅಂತ ಬರೆದಿದ್ದೆ. ಸೀಟು ಬೇರೆಯವರಿಗೆ ಹೋಯಿತು. ಎರಡು ನಿಮಿಷಕ್ಕೆ ‘ಹಣ ಬಂದಿದೆ’ ಅಂತ ಉತ್ತರ ಬಂತು. ಒಂದು ಸೀಟು, ಇಬ್ಬರು ಪ್ರಯಾಣಿಕರು!

ಅದಕ್ಕೇ ಕೋಷ್ಟಕ ಹಾಕಿ. ಅಡ್ಡಕ್ಕೆ ಹಣದ ಮೂರು ಸ್ಥಿತಿ: ಬಂತು, ಬರಲಿಲ್ಲ, ಗೊತ್ತಿಲ್ಲ. ಉದ್ದಕ್ಕೆ ಸೀಟಿನ ಎರಡು: ತಡೆದಿಟ್ಟಿದೆ, ಬಿಟ್ಟಾಗಿದೆ. ಒಟ್ಟು 6 ಮನೆ. ‘ಬಿಟ್ಟಾಗಿದೆ, ಹಣ ಬಂತು’ ಅಂದರೆ ಹಣ ವಾಪಸ್. ‘ಬಿಟ್ಟಾಗಿದೆ, ಗೊತ್ತಿಲ್ಲ’ ಎಂಬ ಮನೆಯನ್ನು ಜಾಸ್ತಿ ಜನ ಖಾಲಿ ಬಿಡುತ್ತಾರೆ. ಅಲ್ಲಿ ಸುಮ್ನೆ ಕೂರುವಂತಿಲ್ಲ, ಹಣ ಏನಾಯಿತು ಎಂದು ವಿಚಾರಿಸುತ್ತಲೇ ಇರಬೇಕು. ಕೇಳುವಾಗ ಹಳೆಯ ವಹಿವಾಟಿನ ಸಂಖ್ಯೆಯನ್ನೇ ಕೊಡಿ. ಹೊಸ ಸಂಖ್ಯೆ ಹಾಕಿ ಮತ್ತೆ ಪೇಮೆಂಟ್ ಕಳಿಸಿದರೆ ಹಣ ಎರಡು ಸಲ ಕಟ್ ಆದೀತು.

ಈ ‘ಗೊತ್ತಿಲ್ಲ’ಕ್ಕೆ ಆರ್‌ಬಿಐ ಕೂಡ 2019ರಲ್ಲಿ ನಿಯಮ ಮಾಡಿದೆ. ಯುಪಿಐನಲ್ಲಿ ಗ್ರಾಹಕರ ಹಣ ಕಟ್ ಆಗಿ, ವ್ಯಾಪಾರಿಗೆ ಖಾತ್ರಿ ತಲುಪದಿದ್ದರೆ, 5 ದಿನದೊಳಗೆ ತಾನಾಗಿ ವಾಪಸ್. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಘಟನೆ, ಷರತ್ತು, ಕೆಲಸ, ಗಡುವು ಎಲ್ಲ ಇದೆ ಅಲ್ವಾ?

ಹಂತ 4: ಒಂದೇ ಘಟನೆಗೆ ಎರಡು ನಿಯಮ ಹೊಂದಿದರೆ, ಒಂದು ಮಾತ್ರ ಹೊಂದುವಂತೆ ಷರತ್ತನ್ನೇ ಬಿಗಿ ಮಾಡಿ. ಡ್ರೂಲ್ಸ್‌ನಂಥ ರೂಲ್ ಎಂಜಿನ್‌ಗಳಲ್ಲಿ (ಇಂಥ ನಿಯಮಗಳನ್ನು ನಡೆಸುವ ಸಾಫ್ಟ್‌ವೇರ್) ಯಾವ ನಿಯಮ ಮೊದಲು ಎಂದು ಆದ್ಯತೆಯ ಅಂಕಿ ಕೊಡಬಹುದು, ನಿಜ. ಕೊಡಬೇಡಿ. 90ರ ಮೇಲೆ 95 ಯಾಕೆ ಬಂತು ಎಂದು ಆರು ತಿಂಗಳ ಮೇಲೆ ಬರೆದವರಿಗೇ ನೆನಪಿರುವುದಿಲ್ಲ. ಬಾಣ ಎಳೆದು ಬಾಕ್ಸ್ ಜೋಡಿಸುವ ಟೂಲ್‌ಗಳೂ ಬೇಡ. ಡೆಮೊದಲ್ಲಿ ಚಂದ, ಇಪ್ಪತ್ತು ನಿಯಮ ದಾಟಿದರೆ ಶಾವಿಗೆ.

ಹಂತ 5: ಟೆಸ್ಟ್ ಸರ್ವರ್‌ನಲ್ಲಿ ಟಿಕೆಟ್ ಬುಕ್ ಮಾಡಿ, ನಡುವೆಯೇ ಪೇಮೆಂಟ್ ಸರ್ವಿಸ್ ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಸೀಟು ಯಾರ ಹೆಸರಲ್ಲಿದೆ ನೋಡಿ.