ಪಿಕಪ್ ಟ್ರಕ್ಕಿನ ಟೈರಿಗೆ ಹಿಮದ ಚೈನ್ ಹಾಕುವ ಕ್ರಮ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ಚಳಿಗಾಲದಲ್ಲಿ ಲೇಕ್ ಟಾಹೋ ಕಡೆಗೆ ಇಂಟರ್‌ಸ್ಟೇಟ್ 80 ಹಿಡಿದು ಹೊರಡುವವರು ಸುಮಾರು 7,200 ಅಡಿ ಎತ್ತರದ ಡಾನರ್ ಘಟ್ಟವನ್ನು ಹತ್ತಿ ಇಳಿಯಬೇಕು. ಅಲ್ಲಿ ಹಿಮ ಬಿದ್ದಾಗ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಆರ್-1, ಆರ್-2, ಆರ್-3 ಎಂಬ ಒಂದಕ್ಕಿಂತ ಒಂದು ಬಿಗಿಯಾದ ಮೂರು ಹಂತಗಳಲ್ಲಿ ಚೈನ್ ನಿಯಂತ್ರಣವನ್ನು, ಅಂದರೆ ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಸರಪಳಿ ಸುತ್ತಬೇಕೆಂಬ ನಿಯಮವನ್ನು, ಜಾರಿಗೆ ತರುತ್ತದೆ. ಆರ್-2 ಹಂತದಲ್ಲಿ, ನಾಲ್ಕೂ ಚಕ್ರಗಳಿಗೆ ಹಿಮದ ಟೈರುಗಳಿರುವ ಫೋರ್ ವೀಲ್ ಡ್ರೈವ್ ವಾಹನಗಳು ಚೈನ್ ಹಾಕದೆ ಮುಂದೆ ಹೋಗಬಹುದು; ಆದರೆ ಚೈನ್ ವಾಹನದಲ್ಲಿ ಇರಲೇಬೇಕು. ಆರ್-3ರಲ್ಲಿ ಯಾರಿಗೂ ವಿನಾಯಿತಿ ಇಲ್ಲ, ಬಹಳ ಸಲ ಆ ಹಂತ ಬರುವ ಮೊದಲೇ ರಸ್ತೆಯನ್ನು ಮುಚ್ಚಲಾಗುತ್ತದೆ. ಹಿಂದೆ ಟ್ರೇಲರ್ ಕಟ್ಟಿಕೊಂಡಿದ್ದರೆ ಫೋರ್ ವೀಲ್ ಡ್ರೈವ್ ಆದರೂ ಚೈನ್ ಹಾಕಬೇಕಾಗುತ್ತದೆ.

ಫೋರ್ ವೀಲ್ ಡ್ರೈವ್ ಇದ್ದ ಮೇಲೆ ಚೈನ್ ಯಾಕೆ ಎಂದು ನಮ್ಮವರಲ್ಲಿ ಅನೇಕರು ಕೇಳುತ್ತಾರೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವುದರಿಂದ ಏರು ಹತ್ತುವುದು ಸುಲಭವಾಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವುದು ಟೈರಿಗೂ ರಸ್ತೆಗೂ ಇರುವ ಹಿಡಿತದಿಂದ ಮಾತ್ರ, ಅದಕ್ಕೆ ಫೋರ್ ವೀಲ್ ಡ್ರೈವ್ ಏನನ್ನೂ ಸೇರಿಸುವುದಿಲ್ಲ. ಅದರ ಮೇಲೆ, ಹಿಂಬದಿ ಖಾಲಿ ಇರುವ ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಭಾರ ಬಹಳ ಕಡಿಮೆ. ಅವು ಕಾರಿನ ಚಕ್ರಗಳಿಗಿಂತ ಬೇಗ ಜಾರುತ್ತವೆ.

ಚೈನ್ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸವೇ ಇಡೀ ವಿಷಯದಲ್ಲಿ ಮುಖ್ಯವಾದದ್ದು ಎಂದು ನಾನು ನಂಬುತ್ತೇನೆ. ಹಳೆಯ ಟ್ರಕ್ಕುಗಳಲ್ಲಿ ಟೈರಿನ ಸುತ್ತ ಕೈ ಹಾಕುವಷ್ಟು ಜಾಗ ಧಾರಾಳವಾಗಿರುತ್ತಿತ್ತು. ಈಗಿನ ಪಿಕಪ್ಪುಗಳಲ್ಲಿ ರಿಮ್ ದೊಡ್ಡದು, ಟೈರ್ ಅಗಲ, ಮುಂದಿನ ಚಕ್ರದ ಒಳಮಗ್ಗುಲಿಗೆ ಸಸ್ಪೆನ್ಷನ್ನಿನ ತೋಳು, ಬ್ರೇಕ್ ಹೋಸ್, ಎಬಿಎಸ್ ಸೆನ್ಸರಿನ ತಂತಿ ಇವೆಲ್ಲ ಹತ್ತಿರದಲ್ಲೇ ಇರುತ್ತವೆ. ಸಡಿಲವಾದ ಚೈನ್ ತಿರುಗುತ್ತಾ ಬಂದು ಬ್ರೇಕ್ ಹೋಸಿಗೆ ಬಡಿದರೆ, ಸುರಕ್ಷತೆಗೆಂದು ಹಾಕಿದ್ದೇ ಅಪಾಯಕ್ಕೆ ಕಾರಣವಾಗುತ್ತದೆ. ಆದ್ದರಿಂದಲೇ ಅನೇಕ ಅರ್ಧ ಟನ್ (ಹಗುರ ದರ್ಜೆಯ) ಪಿಕಪ್ಪುಗಳ ಕೈಪಿಡಿಗಳು ಹಿಂದಿನ ಚಕ್ರಗಳಿಗೆ ಮಾತ್ರ ಚೈನ್ ಹಾಕಲು ಹೇಳುತ್ತವೆ. ಕೆಲವು ದೊಡ್ಡ ಅಳತೆಯ ಟೈರುಗಳಿಗೆ ಚೈನನ್ನು ಪೂರ್ತಿಯಾಗಿ ನಿಷೇಧಿಸುವುದೂ ಉಂಟು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಈ ಪುಟವನ್ನು ಹುಡುಕಿ ಓದಿ, ಅದರಲ್ಲಿ ಬರೆದಿರುವುದೇ ಕೊನೆಯ ಮಾತು.

ಕೈಪಿಡಿಯಲ್ಲಿ ಎಸ್‌ಎಇ ಕ್ಲಾಸ್ ಎಸ್ (ಚೈನಿಗೆ ಬೇಕಾದ ಜಾಗವನ್ನು ನೋಡಿ ವಾಹನ ಎಂಜಿನಿಯರುಗಳ ಸಂಘ ಮಾಡಿದ ವರ್ಗ) ಎಂದು ಬರೆದಿದ್ದರೆ, ಟೈರಿನ ಮೇಲ್ಮೈಯಿಂದ ಹೊರಕ್ಕೆ ಸುಮಾರು 37 ಮಿಲಿಮೀಟರ್ ಮತ್ತು ಪಕ್ಕದ ಗೋಡೆಯಿಂದ ಸುಮಾರು 15 ಮಿಲಿಮೀಟರ್ ಜಾಗ ಸಾಕಾಗುವ ಚೈನ್ ಎಂದರ್ಥ. ಕ್ಲಾಸ್ ಯು ಚೈನಿಗೆ ಇದೇ ಜಾಗ 50 ಮತ್ತು 23 ಮಿಲಿಮೀಟರ್ ಬೇಕು, ಕ್ಲಾಸ್ ಡಬ್ಲ್ಯುಗೆ ಇನ್ನೂ ಹೆಚ್ಚು. ಟೈರಿನ ಗೋಡೆಯ ಮೇಲಿರುವ ಅಳತೆಯನ್ನು, ಉದಾಹರಣೆಗೆ 275/65ಆರ್18, ಹಾಗೆಯೇ ಬರೆದುಕೊಂಡು ಚೈನಿನ ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ಅದೇ ಅಳತೆ ಇದೆಯೇ ಎಂದು ನೋಡಬೇಕು. ಗಾಡಿ ಕೊಂಡ ಮೇಲೆ ಟೈರ್ ಬದಲಾಯಿಸಿದ್ದರೆ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರನ್ನು ನಂಬದೆ ಟೈರನ್ನೇ ನೋಡಿ.

ಜಾಗ ಕಡಿಮೆ ಇರುವ ಗಾಡಿಗೆ ಉಕ್ಕಿನ ಕೇಬಲ್ ಮಾದರಿ ಹೊಂದುತ್ತದೆ. ಜಾಗವಿದ್ದು, ಭಾರ ಹೊತ್ತು ಘಟ್ಟ ಹತ್ತುವವರಿಗೆ ಏಣಿಯಂತೆ ಅಡ್ಡ ಸರಪಳಿಗಳಿರುವ ನಿಜವಾದ ಚೈನೇ ಮೇಲು, ಏಕೆಂದರೆ ಅದು ಗಟ್ಟಿ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಯಾವುದನ್ನು ಕೊಂಡರೂ ಮನೆಯ ಅಂಗಳದಲ್ಲಿ, ಒಣ ನೆಲದ ಮೇಲೆ, ಒಮ್ಮೆ ಪೂರ್ತಿಯಾಗಿ ಹಾಕಿ ತೆಗೆದು ನೋಡುವುದನ್ನು ಬಿಡಬಾರದು. ಕೊಂಡಿಗಳು ಸಾಲದಿರುವುದು ಮನೆಯಲ್ಲೇ ತಿಳಿದರೆ ಅಂಗಡಿಗೆ ಹೋಗಿ ಬದಲಾಯಿಸಬಹುದು.

ರಸ್ತೆಯಲ್ಲಿ ಚೈನ್ ಹಾಕಲು ಗುರುತಿಸಿದ ಅಗಲದ ಜಾಗದಲ್ಲಿ, ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸಿ. ನೀರು ಒಳಗಿಳಿಯದ ಕೈಗವಸು, ತಲೆಗೆ ಕಟ್ಟುವ ಟಾರ್ಚ್ ಮತ್ತು ಮಂಡಿಯೂರಲು ಒಂದು ಹಳೆಯ ಚಾಪೆ ಕೈಗೆ ಸಿಗುವಂತಿರಲಿ. ಮೊದಲು ಚೈನನ್ನು ನೆಲದ ಮೇಲೆ ಉದ್ದಕ್ಕೆ ಹರಡಿ, ಒಂದೂ ಕೊಂಡಿ ತಿರುಚಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊಕ್ಕೆಗಳ ತೆರೆದ ಬಾಯಿ ಟೈರಿಗೆ ಚುಚ್ಚದಂತೆ ಹೊರಮುಖವಾಗಿರಬೇಕು, ಅಡ್ಡ ಕೊಂಡಿಗಳ ಮೇಲೆ ವಿ ಆಕಾರದ ಹಲ್ಲುಗಳಿದ್ದರೆ ಅವು ರಸ್ತೆಯ ಕಡೆಗಿರಬೇಕು, ಬಿಗಿ ಮಾಡುವ ಕ್ಯಾಮುಗಳು ನಿಮಗೆ ಕಾಣುವ ಪಕ್ಕದಲ್ಲಿರಬೇಕು.

ಚೈನನ್ನು ಟೈರಿನ ಮೇಲೆ ಹೊದಿಸಿ, ಎರಡೂ ತುದಿಗಳನ್ನು ನೆಲದ ಹತ್ತಿರಕ್ಕೆ ಇಳಿಬಿಟ್ಟು, ಉಳಿದ ಭಾಗ ಚಕ್ರ ಉರುಳುವಾಗ ಒಳಗೆ ಬರುವಂತೆ ಗಾಡಿಯನ್ನು ಒಂದೆರಡು ಅಡಿ ಮುಂದೆ ಸರಿಸಬೇಕು. ಗಾಡಿ ಚಲಿಸುವಾಗ ಯಾರ ಕೈಯೂ ಚಕ್ರದ ಬಳಿ ಇರಕೂಡದು. ಇನ್ನು ಒಳಮಗ್ಗುಲಿನ ಕೊಕ್ಕೆ: ಇದು ಕಣ್ಣಿಗೆ ಕಾಣದು, ಟೈರಿನ ಹಿಂದೆ ಎರಡೂ ಕೈ ಹಾಕಿ, ಬೆರಳಿನಿಂದಲೇ ಕೊಂಡಿಗಳನ್ನು ತಡವಿ ಎಣಿಸಿ ಸಿಕ್ಕಿಸಬೇಕು. ಹಿಂದೆ ಸಡಿಲವಾಗಿ ಉಳಿದದ್ದನ್ನು ಮುಂದಿನಿಂದ ಎಷ್ಟೇ ಎಳೆದರೂ ಸರಿಪಡಿಸಲಾಗದು. ಒಳಗಡೆಯ ಕೊಕ್ಕೆಯನ್ನು ಸಾಧ್ಯವಾದಷ್ಟು ಬಿಗಿಯಾದ ಕೊಂಡಿಗೇ ಹಾಕಬೇಕು. ನಂತರ ಹೊರಮಗ್ಗುಲನ್ನು ಸಿಕ್ಕಿಸಿ, ಕ್ಯಾಮುಗಳನ್ನು ಚೈನ್ ಜೊತೆ ಬಂದ ಕೀಲಿಯಿಂದ ಒಂದೊಂದಾಗಿ ತಿರುಗಿಸಿ ಬಿಗಿ ಮಾಡಿ, ಮಿಕ್ಕ ಕೊಂಡಿಗಳನ್ನು ಜೋತಾಡದಂತೆ ಕಟ್ಟಬೇಕು. ಎರಡೂ ಚಕ್ರಗಳಲ್ಲಿ ಒಂದೇ ಸಂಖ್ಯೆಯ ಕೊಂಡಿಗಳು ಮಿಕ್ಕಿದ್ದರೆ ಹೊಂದಿಕೆ ಸರಿ ಬಂದಿದೆ ಎಂದು ತಿಳಿಯಬಹುದು. ಚೈನ್ ಸುಲಭವಾಗಿ ಹೋಗಲಿ ಎಂದು ಟೈರಿನ ಗಾಳಿ ಇಳಿಸುವುದು ತಪ್ಪು.

ಸುಮಾರು ಕಾಲು ಮೈಲಿ ನಿಧಾನವಾಗಿ ಓಡಿಸಿ, ಇಳಿದು, ಇನ್ನೊಮ್ಮೆ ಬಿಗಿ ಮಾಡಿ. ಮೊದಲ ಸುತ್ತುಗಳಲ್ಲಿ ಚೈನ್ ಟೈರಿನ ಮೇಲೆ ಕೂರುತ್ತಾ ಸಡಿಲವಾಗುತ್ತದೆ, ಅದನ್ನು ಹಾಗೇ ಬಿಟ್ಟವರ ಚೈನುಗಳೇ ಹೆಚ್ಚಾಗಿ ತುಂಡಾಗುವುದು. ಬಳಿಕ ಗಂಟೆಗೆ 30 ಮೈಲಿ ಮೀರಬಾರದು. ಫಲಕದಲ್ಲಿ 25 ಎಂದಿದ್ದರೆ 25. ಹಿಂದಿನ ಚಕ್ರಗಳಿಗೆ ಮಾತ್ರ ಚೈನ್ ಇರುವಾಗ, ಗಾಡಿಯನ್ನು ತಿರುಗಿಸುವ ಮುಂದಿನ ಚಕ್ರಗಳಿಗೆ ಹೊಸ ಹಿಡಿತವೇನೂ ಬಂದಿಲ್ಲ ಎಂಬುದನ್ನು ಪ್ರತಿ ಇಳಿಜಾರಿನ ತಿರುವಿಗೂ ಮುಂಚೆ ನೆನಪಿಟ್ಟುಕೊಂಡು ವೇಗವನ್ನು ಮೊದಲೇ ತಗ್ಗಿಸಬೇಕು. ಕ್ರೂಸ್ ಕಂಟ್ರೋಲ್ ಬಳಸಬೇಡಿ. ಹಿಮದಲ್ಲಿ ಹೂತು ಚಕ್ರ ಸುಮ್ಮನೆ ನಿಂತುಬಿಟ್ಟರೆ, ಹೊರಬರುವಷ್ಟು ಹೊತ್ತು ಮಾತ್ರ ಟ್ರಾಕ್ಷನ್ ಕಂಟ್ರೋಲ್ (ಚಕ್ರ ಜಾರಿದರೆ ಅದಕ್ಕೆ ಹೋಗುವ ಬಲವನ್ನು ತಾನಾಗಿ ತಗ್ಗಿಸುವ ವ್ಯವಸ್ಥೆ) ಆರಿಸಿ ಮತ್ತೆ ಹಾಕಿಕೊಳ್ಳಬಹುದು. ಚಕ್ರದ ಕಡೆಯಿಂದ ಲೋಹ ಬಡಿಯುವ ಸದ್ದು ಕೇಳಿದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ನೋಡಬೇಕು.

ಸ್ವತಃ ಮಾಡಲಾಗದವರಿಗೆ ಘಟ್ಟದ ಬುಡದಲ್ಲಿ ಹಣ ಪಡೆದು ಚೈನ್ ಹಾಕಿಕೊಡುವವರು ಸಿಗುತ್ತಾರೆ. ಅವರು ಕ್ಯಾಲ್‌ಟ್ರಾನ್ಸ್ ನೌಕರರಲ್ಲ, ಚೈನ್ ಮಾರುವ ಅನುಮತಿಯೂ ಅವರಿಗಿಲ್ಲ. ಅವರ ಬ್ಯಾಡ್ಜಿನ ಸಂಖ್ಯೆಯನ್ನು ರಸೀದಿಯ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

ಹಿಮ ಮುಗಿದು ಬರಿಯ ಡಾಂಬರು ಕಂಡಾಗ, ನಿಯಂತ್ರಣ ಮುಗಿದಿದೆ ಎಂಬ ಫಲಕ ದಾಟಿ, ಚೈನ್ ತೆಗೆಯಿರಿ. ಒಣ ರಸ್ತೆ ಚೈನನ್ನೂ ಟೈರನ್ನೂ ಬೇಗ ಸವೆಸುತ್ತದೆ. ಮನೆಗೆ ಬಂದ ಮೇಲೆ ರಸ್ತೆಯ ಉಪ್ಪು ಹೋಗುವಂತೆ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸವೆದು ತೆಳುವಾದ ಕೊಂಡಿಗಳಿದ್ದರೆ ಬದಲಾಯಿಸಿ ಚೀಲಕ್ಕೆ ಹಾಕಿಡಿ.