ಮುಂಚಕ್ರದ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸುವುದು: ಮುಕ್ಕಾಲು ಕೆಲಸ ತುಕ್ಕಿನದ್ದೇ

ಹೊಸ ಪ್ಯಾಡ್ ಹಾಕಿ ತಿಂಗಳಾಗಿಲ್ಲ, ಆಗಲೇ ಕಿರ್ರೆನ್ನುತ್ತಿದೆ. ಅಥವಾ ಒಂದು ಪ್ಯಾಡ್ ಸವೆದು ಕಬ್ಬಿಣ ಕಾಣುತ್ತಿದೆ, ಅದರ ಜೋಡಿ ಮಾತ್ರ ಹೊಸದರಂತೆ ಕೂತಿದೆ. ಇಂಥ ಕಡೆ ಪ್ಯಾಡಿನ ತಪ್ಪು ಕಡಿಮೆ. ಹಳೆಯದನ್ನು ಕಿತ್ತು, ಪಿನ್ ಮುಟ್ಟದೆ, ತುಕ್ಕು ಕೆರೆಯದೆ, ಹೊಸದನ್ನು ತುರುಕಿ ಚಕ್ರ ಕಟ್ಟಿದರೆ ಹೀಗೇ ಆಗುವುದು. ಪ್ಯಾಡ್ ಬದಲಿಸಲು ಹತ್ತು ನಿಮಿಷ ಸಾಕು. ಒಂದು ಚಕ್ರಕ್ಕೆ ಹಿಡಿಯುವ ಉಳಿದ ಮುಕ್ಕಾಲು ಗಂಟೆಯೆಲ್ಲ ಸ್ವಚ್ಛ ಮಾಡುವುದಕ್ಕೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರಿಗಂತೂ ಇದರಲ್ಲಿ ಒಂದು ನಿಮಿಷವೂ ಉಳಿಸುವಂತಿಲ್ಲ.

ಇಲ್ಲಿ ಹೇಳುತ್ತಿರುವುದು ಸ್ವಿಫ್ಟ್, ವ್ಯಾಗನ್‌ಆರ್, ಐ10, ಟಿಯಾಗೊ ಥರದ ಕಾರುಗಳ ಮುಂದಿನ ಬ್ರೇಕಿನ ಬಗ್ಗೆ: ಮುಂದೆ ಡಿಸ್ಕ್, ಹಿಂದೆ ಡ್ರಮ್, ಒಂದೇ ಪಿಸ್ಟನ್ ಇದ್ದು ಎರಡು ಪಿನ್ ಮೇಲೆ ಅತ್ತಿತ್ತ ಜಾರುವ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ. ಹಿಂದೆಯೂ ಡಿಸ್ಕ್ ಇರುವ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರ್ ಒಳಗಿದ್ದರೆ ಪಿಸ್ಟನ್ ಒತ್ತಿದರೆ ಹೋಗುವುದಿಲ್ಲ, ತಿರುಗಿಸಿ ಒಳಗೆ ಕಳಿಸಬೇಕು. ಬಟನ್ ಒತ್ತಿ ಹಾಕುವ ಹ್ಯಾಂಡ್‌ಬ್ರೇಕ್ ಆದರೆ ಮೊದಲು ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು. ಅವನ್ನು ಈ ವಿಧಾನದಲ್ಲಿ ಬಿಚ್ಚಲು ಹೋಗಬೇಡಿ.

ಯಾವಾಗ ಬದಲಿಸಬೇಕು

ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಮೀ ಇರುತ್ತದೆ. ಹಿಂದಿನ ಕಬ್ಬಿಣದ ಪ್ಲೇಟನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. 3 ಮಿಮೀಗೆ ಬಂತೆಂದರೆ ಹೊಸದು ತಂದಿಟ್ಟುಕೊಳ್ಳಿ, 2 ಮಿಮೀ ಎಂದರೆ ಮುಗಿಯಿತು. ಹಲವು ಪ್ಯಾಡುಗಳಿಗೆ ಒಂದು ಸಣ್ಣ ಕಬ್ಬಿಣದ ನಾಲಿಗೆ ಇರುತ್ತದೆ. ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚಲು ದನಿ ಎಬ್ಬಿಸುತ್ತದೆ. ಅದನ್ನೇ ನಂಬಿ ಕೂರಬೇಡಿ, ಅದಿರುವುದು ಸಾಮಾನ್ಯವಾಗಿ ಒಳಗಿನ ಪ್ಯಾಡಿಗೆ ಮಾತ್ರ. ಹೊರಗಿನದು ಮೊದಲು ಸವೆದರೆ ಯಾರೂ ಕೂಗುವುದಿಲ್ಲ.

ಪ್ಯಾಡ್ ಯಾವತ್ತೂ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ, ಅಂದರೆ ನಾಲ್ಕೂ. ಆದರೆ ಬಿಚ್ಚುವುದು ಒಂದೊಂದೇ ಚಕ್ರ. ಯಾವ ಕ್ಲಿಪ್ ಎಲ್ಲಿತ್ತು ಎಂದು ಮರೆತಾಗ ಆಚೆ ಬದಿಯದನ್ನು ನೋಡಿಕೊಳ್ಳಬಹುದು. ಬಿಡಿಭಾಗ ಕೊಳ್ಳುವಾಗ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿಗೆ ವರ್ಷಕ್ಕೊಂದು, ಪೆಟ್ರೋಲಿಗೊಂದು ಡೀಸೆಲ್ಲಿಗೊಂದು ಪ್ಯಾಡ್ ಇರುವುದುಂಟು. ಚಾಸಿ ನಂಬರ್ ಕೊಟ್ಟು ತನ್ನಿ.

ಬೇಕಾಗುವ ಸಾಮಾನು

ಜಾಕಿ ಜೊತೆಗೆ ಗಟ್ಟಿಯಾದ ಒಂದು ಸ್ಟ್ಯಾಂಡ್. ಚಕ್ರದ ನಟ್ಟಿಗೆ 19 ಅಥವಾ 21ರ ಪಾನಾ, ಕ್ಯಾಲಿಪರ್ ಪಿನ್ನಿನ ಬೋಲ್ಟಿಗೆ ಹೆಚ್ಚಾಗಿ 12 ಅಥವಾ 14, ಕ್ಯಾಲಿಪರ್ ಮತ್ತು ಪ್ಯಾಡುಗಳು ಕೂರುವ ಬ್ರಾಕೆಟ್ಟಿಗೆ 17. ಪಿನ್ ತಿರುಗದಂತೆ ಹಿಡಿಯಲು ತೆಳು ಬಾಯಿಯ ಇನ್ನೊಂದು ಪಾನಾ. ದೊಡ್ಡ ಸಿ-ಕ್ಲ್ಯಾಂಪ್, ಟಾರ್ಕ್ ರೆಂಚ್, ವೈರ್ ಬ್ರಷ್, ಎಮರಿ ಕಾಗದ, ಒಂದು ಡಬ್ಬಿ ಬ್ರೇಕ್ ಕ್ಲೀನರ್, ಬನಿಯನ್ ವೇಸ್ಟ್, ಸೂಜಿ ಇಲ್ಲದ ಸಿರಿಂಜ್, ಒಂದು ತುಂಡು ಗಟ್ಟಿ ತಂತಿ, ಸೀಲ್ ಒಡೆಯದ ಬ್ರೇಕ್ ಆಯಿಲ್.

ಗ್ರೀಸ್ ಎರಡು ಥರದ್ದು ಬೇಕು. ಪಿನ್ನಿಗೆ ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್. ಪ್ಯಾಡಿನ ಕಿವಿ (ಎರಡು ತುದಿಯ ಚಾಚು) ಮತ್ತು ಬೆನ್ನಿಗೆ ಬಿಸಿ ತಾಳುವ ಸೆರಾಮಿಕ್ ಪೇಸ್ಟ್. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಎರಡಕ್ಕೂ ಬೇಡ. ಅದರ ಎಣ್ಣೆಗೆ ರಬ್ಬರ್ ಊದಿಕೊಂಡು ಪಿನ್ ತೂತಿನೊಳಗೇ ಕಚ್ಚಿಕೊಳ್ಳುತ್ತದೆ. ‘ಗ್ರೀಸ್ ಹಾಕಿಸಿದ್ದೆನಲ್ಲ, ಆದರೂ ಜಾಮ್ ಆಗಿದೆ’ ಎನ್ನುವ ಕ್ಯಾಲಿಪರುಗಳಲ್ಲಿ ಎಷ್ಟೋ ಇದರಿಂದಲೇ ಹಾಳಾದವು.

ಬಿಚ್ಚುವುದು

ಸಮತಟ್ಟು ನೆಲ, ಸಿಮೆಂಟಿನದಾದರೆ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಕರಾವಳಿಯ ಅಂಗಳದಲ್ಲಿ ಕೈಗೆ ಮೊದಲು ಸಿಗುವುದು ಕೆಂಪುಕಲ್ಲು. ಚಕ್ರಕ್ಕೆ ಅಡ್ಡ ಇಡಲು ಅದಾಗುತ್ತದೆ, ಕಾರಿನ ಭಾರ ಹೊರಲು ಮಾತ್ರ ಆಗದು. ಹಾಲೋಬ್ಲಾಕ್ ಕೂಡ ಅಷ್ಟೇ, ಹೇಳದೆ ಕೇಳದೆ ಸಿಡಿಯುತ್ತದೆ. ಸ್ಟ್ಯಾಂಡ್ ಕೊಟ್ಟ ಮೇಲೆ ಬಿಚ್ಚಿದ ಚಕ್ರವನ್ನೂ ಕಾರಿನಡಿಗೆ ಮಲಗಿಸಿಡಿ. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿರಬೇಕು.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಮಟ್ಟ ಮ್ಯಾಕ್ಸ್ ಗೆರೆಯ ಹತ್ತಿರ ಇದ್ದರೆ ಸಿರಿಂಜಿನಲ್ಲಿ ಸ್ವಲ್ಪ ಎಳೆದುಬಿಡಿ. ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಆಯಿಲ್ ಮೇಲೇರಿ ಹೊರಗೆ ಚೆಲ್ಲಿದರೆ ಪೇಂಟ್ ಎದ್ದುಹೋಗುತ್ತದೆ. ಚೆಲ್ಲಿದರೆ ಒರೆಸಿ ಸುಮ್ಮನಾಗದೆ ತಕ್ಷಣ ನೀರು ಸುರಿಯಿರಿ.

ಕ್ಯಾಲಿಪರ್ ಹೊರಮುಖವಾಗುವಂತೆ ಸ್ಟಿಯರಿಂಗ್ ತಿರುಗಿಸಿಕೊಂಡು ಹಿಂಬದಿಯ ಎರಡು ಬೋಲ್ಟ್ ಬಿಚ್ಚಿ. ಕೆಳಗಿನದೊಂದನ್ನೇ ತೆಗೆದು ಕ್ಯಾಲಿಪರನ್ನು ಮೇಲಕ್ಕೆ ಮಗುಚಿದರೂ ಪ್ಯಾಡ್ ಹೊರಬರುತ್ತದೆ ನಿಜ. ಆದರೆ ಹಾಗೆ ಮಾಡಿದರೆ ಮೇಲಿನ ಪಿನ್ ಹೇಗಿದೆ ಎಂದು ಯಾರೂ ನೋಡುವುದಿಲ್ಲ, ಜಾಮ್ ಆಗುವುದೂ ಅದೇ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಆಯಿಲ್ ಬರುವ ರಬ್ಬರ್ ಹೋಸಿನಲ್ಲಿ ನೇತಾಡಲು ಬಿಡಬೇಡಿ. ತಂತಿಯಿಂದ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ. ಈ ಹೊತ್ತಿನಲ್ಲಿ ಯಾರೂ ಬ್ರೇಕ್ ಪೆಡಲ್ ತುಳಿಯಕೂಡದು, ಪಿಸ್ಟನ್ ಹಾರಿ ಹೊರಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲು ಲಾಕ್ ಮಾಡಿ.

ಹಳೆಯ ಪ್ಯಾಡುಗಳನ್ನು ಎಸೆಯುವ ಮುಂಚೆ ಪಕ್ಕಪಕ್ಕ ಇಟ್ಟು ನೋಡಿ. ಹೊರಗಿನ ಪ್ಯಾಡ್ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಪಿನ್ ಮೇಲೆ ಜಾರುತ್ತಿಲ್ಲ ಎಂದರ್ಥ. ಒಳಗಿನದೇ ಹೆಚ್ಚು ಸವೆದಿದ್ದರೆ ಮೊದಲ ಅನುಮಾನ ಹಿಂದೆ ಸರಿಯದ ಪಿಸ್ಟನ್ ಮೇಲೆ, ಪಿನ್ ಮೇಲೂ ಒಂದು ಕಣ್ಣಿರಲಿ. ಒಂದೇ ಪ್ಯಾಡ್ ಓರೆಯಾಗಿ, ಒಂದು ತುದಿ ದಪ್ಪ ಒಂದು ತುದಿ ತೆಳುವಾಗಿ ಸವೆದಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆ, ಇಲ್ಲವೇ ಪ್ಯಾಡಿನ ಕಿವಿ ಬ್ರಾಕೆಟ್ಟಿನಲ್ಲಿ ಸಿಕ್ಕಿಕೊಂಡಿದೆ.

ಪಿನ್ನುಗಳು

ಒಳ್ಳೆಯ ಪಿನ್ ಕೈಯಲ್ಲಿ ಎಳೆದರೆ ಒದ್ದೆ ಸದ್ದು ಮಾಡಿ ನುಣುಪಾಗಿ ಈಚೆ ಬರುತ್ತದೆ. ಕೆಟ್ಟದ್ದು ಅಲ್ಲಾಡುವುದೇ ಇಲ್ಲ, ಅಥವಾ ಬೆಲ್ಲದ ಪಾಕದಂತೆ ಕಪ್ಪಾಗಿ ಗಟ್ಟಿಯಾದ ಗ್ರೀಸ್ ಮೆತ್ತಿಕೊಂಡು ಬರುತ್ತದೆ. ಹಲವು ಕಾರುಗಳಲ್ಲಿ ಎರಡರಲ್ಲೊಂದು ಪಿನ್ನಿನ ತುದಿಗೆ ಸಣ್ಣ ರಬ್ಬರ್ ಬುಷ್ ಇರುತ್ತದೆ. ಅದು ಮೇಲಿನದೋ ಕೆಳಗಿನದೋ ಗುರುತು ಮಾಡಿಕೊಳ್ಳಿ, ಅದಲುಬದಲು ಮಾಡಿದರೆ ಕ್ಯಾಲಿಪರ್ ಬಿಗಿಯಾಗುತ್ತದೆ.

ಹಳೆಯ ಗ್ರೀಸನ್ನು ಪಿನ್ನಿನಿಂದಲೂ ತೂತಿನೊಳಗಿನಿಂದಲೂ ಪೂರ್ತಿ ತೆಗೆಯಿರಿ. ರಬ್ಬರಿಗೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಮುಟ್ಟಿಸಬೇಡಿ. ಪಿನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಿ ಹೊಳಪು ಮಾಡುವ ಆಸೆ ಬೇಡ, ಹೊಸ ಪಿನ್ನು ಮತ್ತು ಬೂಟಿನ (ಪಿನ್ನಿನ ರಬ್ಬರ್ ಮುಸುಕು) ಕಿಟ್ ತನ್ನಿ, ಅದೇನೂ ದುಬಾರಿಯಲ್ಲ. ಸಿಲಿಕೋನ್ ಗ್ರೀಸ್ ಪಿನ್ ಸುತ್ತ ತೆಳುವಾಗಿ ಸವರಿದರೆ ಸಾಕು. ತೂತಿನ ತುಂಬ ತುಂಬಿದರೆ ಪಿನ್ ಒಳಗೆ ಹೋಗಲು ಜಾಗವೇ ಇರದೆ ಎದುರು ತಳ್ಳುತ್ತದೆ. ಒಳಗೆ ಕೂರಿಸಿ ಬೂಟಿನ ತುಟಿಯನ್ನು ಬೆರಳಲ್ಲಿ ಒಂದಿಷ್ಟು ಎತ್ತಿ ಗಾಳಿ ಬಿಡಿ, ಆಮೇಲೆ ತುಟಿ ತನ್ನ ತೋಡಿನಲ್ಲಿ (ಗ್ರೂವ್) ಸರಿಯಾಗಿ ಕೂತಿದೆಯೇ ಸುತ್ತಲೂ ಸವರಿ ನೋಡಿ. ಅಲ್ಲೊಂದು ಸಂದಿ ಉಳಿದರೆ ಮುಂದಿನ ಮಳೆಗಾಲಕ್ಕೆ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ.

ಡಿಸ್ಕ್

ಪುಸ್ತಕದಲ್ಲಿ ರೋಟರ್, ಅಂಗಡಿಯಲ್ಲಿ ಡಿಸ್ಕ್. ಅದರ ಮೇಲೆಯೇ ಎಲ್ಲಾದರೂ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಹೊಸ ದಪ್ಪಕ್ಕಿಂತ 2 ಮಿಮೀ ಕಡಿಮೆ. ಅಂಚಿನಲ್ಲಿ ಸವೆಯದೆ ಉಳಿದ ದಡ ಇರುವುದರಿಂದ ವರ್ನಿಯರ್ ನೇರವಾಗಿ ಹಿಡಿದರೆ ತಪ್ಪು ಅಳತೆ ಬರುತ್ತದೆ. ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ಎರಡು ನಾಣ್ಯದ ದಪ್ಪ ಕಳೆಯಿರಿ. ಕನಿಷ್ಠಕ್ಕೆ ಬಂದ ಡಿಸ್ಕನ್ನು ಲೇತಿಗೆ ಕೊಡುವುದರಲ್ಲಿ ಅರ್ಥವಿಲ್ಲ. ಕೂದಲೆಳೆಯ ಬಿರುಕು ಅಂಚಿನವರೆಗೆ ಬಂದಿದ್ದರೂ ಬದಲಿಸಿ.

ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗಿದರೆ ‘ಡಿಸ್ಕ್ ಬೆಂಡ್’ ಎನ್ನುವುದು ರೂಢಿ. ನಿಜವಾಗಿ ಬೆಂಡ್ ಆಗಿರುವುದು ಅಪರೂಪ. ಪ್ಯಾಡಿನ ಪದಾರ್ಥ ಡಿಸ್ಕಿಗೆ ಅಲ್ಲಲ್ಲಿ ಅಂಟಿರುತ್ತದೆ, ಅಥವಾ ಡಿಸ್ಕ್ ಕೂರುವ ಹಬ್ಬಿನ (ಚಕ್ರದ ಗುಂಬ) ಮುಖದಲ್ಲಿ ತುಕ್ಕಿನ ಹಕ್ಕಳೆ ಇದ್ದು ಡಿಸ್ಕ್ ಓರೆಯಾಗಿ ಕೂತಿರುತ್ತದೆ. ಡಿಸ್ಕ್ ಅತ್ತಿತ್ತ ಓಲಾಡಲು ಬಹಳಷ್ಟು ಕಾರುಗಳಲ್ಲಿರುವ ಮಿತಿ 0.1 ಮಿಮೀಗಿಂತ ಹೆಚ್ಚಿಲ್ಲ, ಅಂದರೆ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ. ಬೆರಳಿಗೆ ಸಿಗದಷ್ಟು ತುಕ್ಕೇ ಈ ಮಿತಿಯನ್ನು ದಾಟಿಸಬಲ್ಲದು. ಆದ್ದರಿಂದ ಹೊಸ ಡಿಸ್ಕ್ ಹಾಕುವ ಮುನ್ನ ಹಬ್ಬನ್ನು ವೈರ್ ಬ್ರಷ್ ಮತ್ತು ಎಮರಿಯಿಂದ ಬೋಲ್ಟುಗಳ ಬುಡದವರೆಗೂ ಉಜ್ಜಿ.

ಹಳೆಯ ಡಿಸ್ಕ್ ಹಬ್ಬಿಗೆ ಅಂಟಿದ್ದರೆ ಸುತ್ತಿಗೆಗೆ ಕೈಹಾಕುವ ಮುಂಚೆ ಅದರ ಮುಖ ನೋಡಿ. ಹಲವು ಡಿಸ್ಕುಗಳಲ್ಲಿ ಒಳಗೆ ಥ್ರೆಡ್ (ತಿರುಪಿನ ಗೆರೆ) ಇರುವ ಎರಡು ತೂತು ಕಾಣುತ್ತವೆ. ಅದಕ್ಕೆ ಸರಿಯಾದ ಬೋಲ್ಟ್, ಹೆಚ್ಚಾಗಿ 8 ಮಿಮೀಯದು, ಎರಡಕ್ಕೂ ಹಾಕಿ ಸರದಿಯಲ್ಲಿ ಬಿಗಿಯುತ್ತ ಬಂದರೆ ತಾನೇ ಎದ್ದು ಬರುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯದಿದ್ದರೆ ಹೊಸ ಪ್ಯಾಡ್ ಅವತ್ತೇ ಹಾಳು.

ಪಿಸ್ಟನ್ ತಳ್ಳಿ ಜೋಡಿಸುವುದು

ಕ್ಯಾಲಿಪರ್ ಒಳಗೆ ಪಿಸ್ಟನ್ನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇಲ್ಲ. ಅದರ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಉಂಗುರವಿದೆ. ಬ್ರೇಕ್ ಒತ್ತಿದಾಗ ಅದು ಪಿಸ್ಟನ್ ಜೊತೆ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತ ಪಿಸ್ಟನ್ನನ್ನು ಮಿಲಿಮೀಟರಿನ ಒಂದು ಪಾಲಿನಷ್ಟು ಹಿಂದೆ ತರುತ್ತದೆ. ಪ್ಯಾಡ್ ಡಿಸ್ಕನ್ನು ಬಿಡುವುದು ಇಷ್ಟರಿಂದಲೇ. ಪಿಸ್ಟನ್ ಮೇಲೆ ತುಕ್ಕಿನ ಚುಕ್ಕೆಯಾದರೆ ಈ ಉಂಗುರದ ಬಲ ಸಾಲದು.

ಹಾಗಾಗಿ ತಳ್ಳುವ ಮುನ್ನ ಪಿಸ್ಟನ್ ಸುತ್ತ ಧೂಳು ತಡೆಯುವ ರಬ್ಬರ್ ಬೂಟ್ ನೋಡಿ. ಹರಿದಿದ್ದರೆ, ಪಿಸ್ಟನ್ ಸುತ್ತ ಒದ್ದೆಯಿದ್ದರೆ, ಅಥವಾ ಕ್ಲ್ಯಾಂಪ್ ಬಿಗಿದರೂ ಅಲುಗದಿದ್ದರೆ ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್ ಹಾಕಬೇಕು, ಪಿಸ್ಟನ್ ಗುಳಿಬಿದ್ದಿದ್ದರೆ ಅದನ್ನೂ ಬದಲಿಸಬೇಕು. ಮೊದಲ ಸಲ ಕೈಹಾಕುವವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯುವುದೇ ಜಾಣತನ. ಕಂಪ್ರೆಸರ್ ಗಾಳಿಯಿಂದ ಪಿಸ್ಟನ್ ಹಾರಿಸುವಾಗ ಬೆರಳು ಜಜ್ಜಿಹೋಗುವುದುಂಟು. ಹೋಸ್ ಬಿಚ್ಚಿದ್ದೇ ಆದರೆ ಅದರ ತಾಮ್ರದ ವಾಷರುಗಳು ಪ್ರತಿ ಸಲವೂ ಹೊಸದಾಗಿರಲಿ.

ಎಲ್ಲ ಸರಿಯಿದ್ದರೆ ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡವಿಟ್ಟು ಕ್ಲ್ಯಾಂಪಿನಿಂದ ನಿಧಾನಕ್ಕೆ, ನೇರವಾಗಿ ಒತ್ತಿ. ಬ್ರಾಕೆಟ್ಟಿನ ಸ್ಟೀಲ್ ಕ್ಲಿಪ್ ತೆಗೆದು ಅದರಡಿಯ ತುಕ್ಕು ಕೆರೆಯಿರಿ. ತುಕ್ಕು ಊದಿ ಕ್ಲಿಪ್ಪನ್ನು ಎತ್ತಿದರೆ ಪ್ಯಾಡಿನ ಕಿವಿ ಬಿಗಿಯಾಗುತ್ತದೆ. ಆಗ ಪ್ಯಾಡಿನ ಕಿವಿಯನ್ನು ಅರದಿಂದ ಉಜ್ಜಿ ಕೂರಿಸುವವರಿದ್ದಾರೆ, ಅದು ತಲೆಕೆಳಗಿನ ಕೆಲಸ. ಹೊಸ ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು, ಸುತ್ತಿಗೆ ಬೇಕಾಗಬಾರದು. ಕಿವಿಗೆ ಮತ್ತು ಪಿಸ್ಟನ್ ತಾಗುವ ಬೆನ್ನಿಗೆ ಸೆರಾಮಿಕ್ ಪೇಸ್ಟನ್ನು ತೆಳುವಾಗಿ ಸವರಿ. ಉಜ್ಜುವ ಮುಖಕ್ಕೆ ಬೆರಳೂ ತಾಗಿಸಬೇಡಿ. ಬ್ರೇಕಿನ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ, ಒದ್ದೆ ಮಾಡಿ ಒರೆಸಿ.

ಬಿಗಿತ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟೇ. ಸಣ್ಣ ಕಾರುಗಳಲ್ಲಿ ಪಿನ್ನಿನ ಬೋಲ್ಟ್ ಸಾಮಾನ್ಯವಾಗಿ 20ರಿಂದ 35 ನ್ಯೂಟನ್ ಮೀಟರ್, ಬ್ರಾಕೆಟ್ 80ರಿಂದ 110, ಚಕ್ರದ ನಟ್ 85ರಿಂದ 110ರ ಆಸುಪಾಸು. ಪಿನ್ನಿನ ಬೋಲ್ಟ್ ಮೇಲೆ ಕಾಲಿಟ್ಟು ಬಿಗಿದವರು ಮುಂದಿನ ಸಲ ತುಂಡಾದ ಬೋಲ್ಟ್ ಹಿಡಿದು ಲೇತ್ ಅಂಗಡಿಗೆ ಹೋಗುತ್ತಾರೆ.

ಎಂಜಿನ್ ಚಾಲೂ ಮಾಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಿಧಾನವಾಗಿ ತುಳಿಯಿರಿ. ಮೊದಲ ತುಳಿತಕ್ಕೆ ಅದು ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದರೆ ಹಿಂದೆ ಕಾಂಪೌಂಡ್ ಗೋಡೆ ಇರುತ್ತದೆ. ಆಮೇಲೆ ಆಯಿಲ್ ಮಟ್ಟ ನೋಡಿ ಮುಚ್ಚಳ ಹಾಕಿ.

ಆಯಿಲ್, ಘಾಟಿ, ಹೊಸ ಪ್ಯಾಡ್

ಬ್ರೇಕ್ ಆಯಿಲ್ ಎನ್ನುವುದು ಬಾಯಿಮಾತು, ಡಾಟ್ 3 ಮತ್ತು ಡಾಟ್ 4 ಎಣ್ಣೆಯಲ್ಲ, ಗ್ಲೈಕಾಲ್. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವು ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಆಯಿಲ್ ಕುದಿದು ಗುಳ್ಳೆಯಾಗಿ ಪೆಡಲ್ ಸ್ಪಂಜಿನಂತಾಗುವುದು ಈ ಕಾರಣಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಡಾಟ್ 5 ಸಿಲಿಕೋನ್, ಇದರೊಂದಿಗೆ ಬೆರೆಸುವಂತಿಲ್ಲ.

ಪ್ಯಾಡ್ ಹೊಸದಾದ ದಿನವೇ ಘಾಟಿ ಇಳಿಯಬೇಡಿ. ಖಾಲಿ ರಸ್ತೆಯಲ್ಲಿ 60ರ ವೇಗದಿಂದ 15ರವರೆಗೆ ಹದವಾಗಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ನಡುವೆ ಅರ್ಧ ನಿಮಿಷ ಬಿಟ್ಟು ಎಂಟು ಹತ್ತು ಸಲ ಸಾಕು. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಬಿಸಿಯಿದ್ದಾಗ ಒತ್ತಿ ಹಿಡಿದು ನಿಂತರೆ ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಉಳಿದು ಅದೇ ನಡುಕ ಶುರುವಾಗುತ್ತದೆ.

ಮಳೆಯಲ್ಲಿ ರಾತ್ರಿ ನಿಂತ ಕಾರಿನ ಡಿಸ್ಕ್ ಬೆಳಿಗ್ಗೆ ಕೆಂಪಾಗಿದ್ದರೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಗಮನಿಸಬೇಕಾದದ್ದು ಬಿಸಿಯನ್ನು. ಹತ್ತು ಕಿಮೀ ಓಡಿಸಿ ನಿಲ್ಲಿಸಿದಾಗ ಒಂದು ಬದಿಯ ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ, ಕಾರು ಆರಿದ ಮೇಲೆ ಆ ಚಕ್ರ ಎತ್ತಿ, ಗೇರ್ ತೆಗೆದು, ಬ್ರೇಕನ್ನು ಒಮ್ಮೆ ತುಳಿದು ಬಿಟ್ಟು ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ತಕ್ಷಣ ಚಕ್ರ ಬಿಟ್ಟರೆ ಒತ್ತಡ ಹಿಂದೆ ಹೋಗದೆ ಉಳಿದಿದೆ ಎಂದರ್ಥ, ಹಳೆಯ ರಬ್ಬರ್ ಹೋಸ್ ಒಳಗೇ ಊದಿ ದಾರಿ ಕಟ್ಟಿರಬಹುದು. ಆಗಲೂ ಬಿಡದಿದ್ದರೆ ದೋಷ ಪಿಸ್ಟನ್ನಿನದು ಇಲ್ಲವೇ ಪಿನ್ನಿನದು, ಮತ್ತೆ ಬಿಚ್ಚಿ. ಎರಡರಲ್ಲಿ ಯಾವುದೇ ಆದರೂ ನಿಪ್ಪಲ್ ತೆರೆದ ಮೇಲೆ ಆಯಿಲಿನೊಳಗೆ ಸೇರಿದ ಏರ್ ತೆಗೆದೇ ಕಾರು ರಸ್ತೆಗಿಳಿಸಿ.