ಉರಿಮೂತ್ರವನ್ನು ಬರೀ ‘ಉಷ್ಣ’ ಅಂತ ಬಿಡಬೇಡಿ
ಅಡಿಕೆ ಸುಲಿಯೋ ಕಾಲ ಬಂತು, ಅದಕ್ಕೇ ಬರೀತಿದ್ದೀನಿ. ಮೆಟ್ಟುಗತ್ತಿ ಮುಂದೆ ಕೂತರೆ ನಾವು ಹೆಂಗಸರು ನೀರೂ ಕುಡಿಯಲ್ಲ, ಒಂದಕ್ಕೆ ಬಂದರೂ ‘ಈ ಬುಟ್ಟಿ ಮುಗೀಲಿ’ ಅಂತ ತಡ್ಕೊಂಡು ಕೂರ್ತೀವಿ.

ಹೋದ ವರ್ಷ ನನಗೆ ಶುರುವಾಗಿದ್ದೂ ಹಾಗೇ. ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕು ಹನಿ, ಕೆಂಡ ಸುರಿದಂಥ ಉರಿ. ಕಿಬ್ಬೊಟ್ಟೆ ನೋವು, ಮೂತ್ರ ಅಕ್ಕಿ ತೊಳೆದ ನೀರಿನಂತೆ ಕದಡು, ಕೆಟ್ಟ ವಾಸನೆ. ಅತ್ತೆ ಎಳನೀರು, ಬಾರ್ಲಿ ನೀರು ಕೊಟ್ಟರು. ಹಾಯೆನಿಸಿತು ನಿಜ, ಆದರೆ ಅದು ಬರೀ ಉಷ್ಣ ಅಲ್ಲ, ಮೂತ್ರದ ಸೋಂಕು; ಅದರಿಂದ ಹೋಗಲಿಲ್ಲ. ಮೂರನೇ ದಿನ ತೀರ್ಥಹಳ್ಳಿಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಿದೆ. ಮೊದಲು ಸ್ವಲ್ಪ ಬಿಟ್ಟು, ನಡುವಿನ ಮೂತ್ರವನ್ನೇ ಡಬ್ಬಿಗೆ ಹಿಡಿಯಬೇಕು. ಮೂತ್ರದಲ್ಲಿರೋ ರೋಗಾಣು ಬೆಳೆಸಿ ನೋಡೋ ‘ಕಲ್ಚರ್’ ಪರೀಕ್ಷೆಯ ವರದಿಗೆ ಎರಡು-ಮೂರು ದಿನ ಬೇಕು. ಯಾವ ಆಂಟಿಬಯೋಟಿಕ್ ನಾಟುತ್ತೆ ಅಂತ ಗೊತ್ತಾಗೋದು ಅದರಲ್ಲೇ. ಹಾಗಾಗಿ ಪಕ್ಕದ ಮನೆಯವರ ಉಳಿದ ಮಾತ್ರೆ ನುಂಗಬೇಡಿ. ಉರಿ ನಿಂತರೂ ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ತಗೊಳ್ಳಿ.

ಚಳಿಜ್ವರ, ಪಕ್ಕೆ-ಬೆನ್ನು ನೋವು, ವಾಂತಿ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಬೆಳಗಿನ ಬಸ್ಸಿಗೆ ಕಾಯಬೇಡಿ, ರಾತ್ರಿಯೇ ಹೊರಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು, ಅದು ಸರ್ಕಾರಿಯದೇ. ಬಸುರಿಯರು ಸಣ್ಣ ಉರಿ ಇದ್ದರೂ ತೋರಿಸಲೇಬೇಕು. ಸಕ್ಕರೆ ಕಾಯಿಲೆಯವರೂ ಅಷ್ಟೇ.

ಗಂಡಸರಿಗೆ ಒಂದು ಮಾತು: ಸುಲಿಯುವ ಚಪ್ಪರದ ಹತ್ತಿರ ಒಂದು ಕೊಡ ನೀರಿಡಿ, ಕೆಲಸಕ್ಕೆ ಬರೋ ಹೆಂಗಸರಿಗೆ ಮನೆಯ ಶೌಚಾಲಯ ತೋರಿಸಿ. ಕೇಳೋಕೆ ನಾಚಿಕೊಂಡೇ ಅವರು ತಡ್ಕೊಳ್ಳೋದು.